ಮೋಟಾರ್ ಸೈಕಲಿನ ಸಮುದ್ರಯಾನ

ಊರು ಬಿಟ್ಟು ನಗರ ಸೇರಿದ ನಮ್ಮಂಥವರ ಮಕ್ಕಳಿಗೆ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿ ಹೊಸದಲ್ಲ. ಗೋಣಿತಟ್ಟು ಸುತ್ತಿ, ಹುಲ್ಲು ತುರುಕಿ, ಹಗ್ಗ ಬಿಗಿದು ನಿಲ್ಲಿಸಿದ ಮೋಟಾರ್ ಸೈಕಲುಗಳ ಸಾಲನ್ನು ನೀವು ಅಲ್ಲಿ ಕಂಡಿರುತ್ತೀರಿ. ಟ್ಯಾಂಕಿನಲ್ಲಿ ಪೆಟ್ರೋಲು ಉಳಿದಿದ್ದರೆ ರೈಲಿನವರು ಅದನ್ನು ತೆಗೆದುಕೊಳ್ಳುವುದಿಲ್ಲವೆಂಬುದೂ ನಿಮಗೆ ತಿಳಿದಿರಬಹುದು. ಒಂದೆರಡು ದಿವಸಗಳ ರೈಲು ಪ್ರಯಾಣಕ್ಕೇ ಇಷ್ಟು ಕಟ್ಟುನಿಟ್ಟು. ಹೀಗಿರಲು, ವಾರಗಟ್ಟಲೆ ಉಪ್ಪುಗಾಳಿಯಲ್ಲಿ ತೂಗಾಡುತ್ತ ಸಾಗರವನ್ನು ದಾಟತಕ್ಕ ವಾಹನಕ್ಕೆ ಎಷ್ಟು ಸಿದ್ಧತೆ ಬೇಕಾದೀತು? ಈ ಲೇಖನದಲ್ಲಿ ಅದನ್ನು ವಿವರಿಸಲು ಯತ್ನಿಸುತ್ತೇನೆ.

ಮೋಟಾರ್ ಸೈಕಲು ಓಡುವುದಕ್ಕೆಂದೇ ಹುಟ್ಟಿದ ಯಂತ್ರ. ಉರಿಯಲು ಪೆಟ್ರೋಲು, ಉರಿಸಲು ವಿದ್ಯುತ್ತಿನ ಕಿಡಿ, ಉರುಳಲು ಚಕ್ರ, ಈ ಮೂರು ಕೂಡಿದರೆ ಅದಕ್ಕೆ ಜೀವ ಬರುತ್ತದೆ. ಹಡಗಿಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ವಸ್ತು. ಹಡಗಿನೊಳಗೆ ಅದು ಉರಿಯಬಾರದು, ಕಿಡಿ ಕಾರಬಾರದು, ಒಂದಂಗುಲವೂ ಅಲುಗಬಾರದು. ಆದುದರಿಂದ ಮೋಟಾರ್ ಸೈಕಲನ್ನು ಸಮುದ್ರಯಾನಕ್ಕೆ ಅಣಿಗೊಳಿಸುವುದೆಂದರೆ ಅದರ ಜೀವವನ್ನು ಕೆಲಕಾಲ ತೆಗೆದಿಟ್ಟು, ದೇಹವನ್ನು ಮಾತ್ರ ಕೆಡದಂತೆ ಕಾಪಾಡುವುದು. ಮುಂದೆ ಹೇಳತಕ್ಕ ಕೆಲಸಗಳೆಲ್ಲವೂ ಇದರಿಂದಲೇ ಹುಟ್ಟುತ್ತವೆ.

ನಾನು ಈ ಕೆಲಸವನ್ನು ಕಣ್ಣಾರೆ ಕಂಡದ್ದು ಕೇರಳದ ಆಲುವದಲ್ಲಿ. ಪೆರಿಯಾರ್ ನದಿ ಅಲ್ಲಿ ಎರಡು ಕವಲಾಗಿ ಒಡೆದು ಕಡಲಿನ ಕಡೆಗೆ ಸಾಗುತ್ತದೆ. 1341ರಲ್ಲಿ ಇದೇ ನದಿಗೆ ಬಂದ ಮಹಾಪೂರದಿಂದ ಪ್ರಾಚೀನ ಮುಸಿರಿಸ್ ಬಂದರು ಹೂಳಿನಲ್ಲಿ ಮುಚ್ಚಿಹೋಗಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಆ ಅಳಿವೆಗೆ ಅಡ್ಡಲಾಗಿದ್ದ ಮರಳದಿಣ್ಣೆಯನ್ನು ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಅಗೆಸಿ, 1928ರಲ್ಲಿ ದೊಡ್ಡ ಹಡಗು ಒಳಗೆ ಬರುವಂತೆ ಮಾಡಿದನು. ಅಗೆದ ಮಣ್ಣಿನಿಂದಲೇ ಎದ್ದುದು ಇಂದಿನ ವಿಲಿಂಗ್ಡನ್ ದ್ವೀಪ. ಈಚೆಗೆ, ಎಂದರೆ 2011ರ ಫೆಬ್ರವರಿ 11ರಂದು, ಹತ್ತಿರದ ವಲ್ಲಾರ್‌ಪಾಡಂ ದ್ವೀಪದಲ್ಲಿ ಕಂಟೇನರುಗಳಿಗೆಂದೇ ಒಂದು ಬಂದರುಕಟ್ಟೆ ಉದ್ಘಾಟನೆಯಾಯಿತು. ಆಲುವದ ನೆರೆಯ ಕಳಮಶ್ಶೇರಿಯಿಂದ ಅಲ್ಲಿಗೆ ಹೋಗುವ ಹೆದ್ದಾರಿಯನ್ನು ಜನರು ಕಂಟೇನರ್ ರಸ್ತೆ ಎಂದೇ ಕರೆಯುತ್ತಾರೆ.

ಕಂಟೇನರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ವಿದ್ವಾಂಸರು ನಿರ್ಣಯಿಸಲಿ. ನಾನು ಉಕ್ಕಿನ ಪೆಟ್ಟಿಗೆ ಎನ್ನುತ್ತೇನೆ. ಚಿಕ್ಕ ಅಳತೆಯದು 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಅಮೆರಿಕದ ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಸಾಗಣೆಗಾರನು 1956ರ ಏಪ್ರಿಲಿನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲೆ ಇಂಥ 58 ಪೆಟ್ಟಿಗೆಗಳನ್ನಿಟ್ಟು ಕಳುಹಿದಂದಿನಿಂದ ಬಂದರುಗಳ ರೂಪವೇ ಬದಲಾಯಿತು. ಮೊದಲು ಮೂಟೆ ಮೂಟೆಯಾಗಿ ಹಮಾಲರ ಬೆನ್ನಿನ ಮೇಲೆ ಹಡಗೇರುತ್ತಿದ್ದ ಸರಕು ಈಗ ಪೆಟ್ಟಿಗೆಯೊಳಗೆ ಅಡಗಿ, ಮೊಹರು ಬಿದ್ದು, ಯಾರ ಕಣ್ಣಿಗೂ ಕಾಣದೆ ಹೋಗುತ್ತದೆ. ಒಳಗೆ ಏನಿದೆಯೆಂಬುದನ್ನು ಹೇಳುವುದು ಒಂದು ಕಾಗದದ ಪಟ್ಟಿ ಮಾತ್ರ. ಈ ಮಾತನ್ನು ನೆನಪಿನಲ್ಲಿಡಿ.

ಆಲುವದಲ್ಲಿ ನೆಲಸಿರುವ ನನ್ನ ಅಕ್ಕನ ಮಗನು ತನ್ನ ಬುಲೆಟ್ ಗಾಡಿಯನ್ನು ಪೂರ್ವ ಆಫ್ರಿಕಾದ ಮೊಂಬಾಸಾ ಬಂದರಿಗೆ ಕಳುಹಿಸಿ, ಅಲ್ಲಿಂದ ದಕ್ಷಿಣದ ತುದಿಯವರೆಗೆ ಸವಾರಿ ಮಾಡುವ ಹಂಬಲ ಹೊತ್ತಿದ್ದನು. ಇಂಥ ಸಾಹಸ ಕನ್ನಡಿಗರಿಗೆ ಅಪರಿಚಿತವಲ್ಲ. ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಎಂಬ ತರುಣಿ 2018ರಲ್ಲಿ ಬೆಂಗಳೂರಿನಿಂದ ಆಸ್ಟ್ರೇಲಿಯಾದ ಸಿಡ್ನಿಯವರೆಗೆ ಮೋಟಾರ್ ಸೈಕಲಿನ ಪ್ರವಾಸ ಮಾಡಿದ್ದಾರೆ. ಭೂಮಿಯ ಮೇಲೆ ಎಷ್ಟೇ ಓಡಿದರೂ ಆ ಖಂಡವನ್ನು ಮುಟ್ಟಲು ಕಡಲನ್ನು ದಾಟಲೇಬೇಕಷ್ಟೆ. ಕಳೆದ ಬೇಸಿಗೆಯ ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದ ನನಗೆ ಗಾಡಿ ಕಟ್ಟುವ ಆ ನಾಲ್ಕು ದಿನಗಳ ಕೆಲಸದಲ್ಲಿ ಪಾನಾ ಎತ್ತಿಕೊಡುವ ಭಾಗ್ಯ ದೊರೆಯಿತು.

ಮೊದಲ ಕೆಲಸ ತೊಳೆಯುವುದು. ಹೇಗೂ ಪೆಟ್ಟಿಗೆಯಲ್ಲಿ ಮುಚ್ಚುವ ಗಾಡಿಯನ್ನು ಇಷ್ಟೇಕೆ ಉಜ್ಜಬೇಕೆಂದು ನೀವು ಕೇಳಬಹುದು. ಮಡ್‌ಗಾರ್ಡಿನ ಒಳಗೆ, ಚೈನಿನ ಹಲ್ಲುಗಳ ಸಂದಿಯಲ್ಲಿ, ಟಯರಿನ ಗೀರುಗಳಲ್ಲಿ ಕುಳಿತ ಒಂದು ಹಿಡಿ ಮಣ್ಣಿನೊಡನೆ ಬೀಜ, ಮೊಟ್ಟೆ, ಶಿಲೀಂಧ್ರಗಳು ಮತ್ತೊಂದು ದೇಶವನ್ನು ಸೇರಬಲ್ಲವು. ನಮ್ಮ ಬಯಲುಗಳನ್ನೆಲ್ಲ ಆವರಿಸಿರುವ ಕಾಂಗ್ರೆಸ್ ಗಿಡವು ಆಮದು ಮಾಡಿದ ಗೋಧಿಯ ಜತೆಯಲ್ಲಿ ಬಂದುದೆಂದು ಹೇಳುತ್ತಾರೆ. ಕೇರಳದ ತೋಟಗಳಲ್ಲಿ ಬಾಳೆ, ಪಪ್ಪಾಯಿಗಳನ್ನು ಮೇಯುತ್ತಿರುವ ದೈತ್ಯ ಬಸವನಹುಳು ಮೂಲತಃ ಪೂರ್ವ ಆಫ್ರಿಕಾದ್ದು. ಬೆನ್ಸನ್ ಎಂಬ ಪ್ರಾಣಿಶಾಸ್ತ್ರಾಸಕ್ತನು 1847ರಲ್ಲಿ ಅದನ್ನು ಕಲ್ಕತ್ತೆಗೆ ತಂದನು. ಅವನು ತಂದದ್ದು ಕುತೂಹಲದಿಂದ, ತೆತ್ತದ್ದು ರೈತರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಂತೂ ಅಧಿಕಾರಿಗಳು ಗಾಡಿಯನ್ನು ಹುಡುಕಿ ನೋಡುತ್ತಾರೆ. ಮಣ್ಣು ಕಂಡರೆ ಮಾಲೀಕನ ಖರ್ಚಿನಲ್ಲಿ ಮತ್ತೆ ತೊಳೆಸುತ್ತಾರೆ. ಅಳಿಯನು ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಒಂದು ಪೂರ್ತಿ ದಿನ ಕುಳಿತನು. ತೊಳೆದ ಮೇಲೆ ಬಿಸಿಲಿನಲ್ಲಿ ಒಣಗಿಸತಕ್ಕದ್ದು ತೊಳೆಯುವುದಕ್ಕಿಂತಲೂ ಮುಖ್ಯ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ದಿನ ಪೆಟ್ರೋಲು ಬಸಿಯುವ ಕೆಲಸ. ಬುಲೆಟ್ಟಿನ ಟ್ಯಾಂಕು ಸುಮಾರು 13 ಲೀಟರ್ ಹಿಡಿಯುತ್ತದೆ. ಗಾಳಿಯಾಡುವ ಅಂಗಳದಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ, ಮುಚ್ಚಳವಿರುವ ಡಬ್ಬಕ್ಕೆ ಅದನ್ನು ಇಳಿಸಬೇಕು. ಕೊಳವೆಯಿಟ್ಟು ಬಾಯಿಂದ ಎಳೆಯುವವರನ್ನು ನೀವು ಬೀದಿಯಲ್ಲಿ ನೋಡಿರಬಹುದು. ಎಂದಿಗೂ ಹಾಗೆ ಮಾಡಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಟ್ಯಾಂಕು ಬರಿದಾದ ಮೇಲೂ ಕೊಳವೆಗಳಲ್ಲಿ ಸ್ವಲ್ಪ ಉಳಿದಿರುತ್ತದೆ. ಆದುದರಿಂದ ಇಂಜಿನನ್ನು ಚಾಲೂ ಮಾಡಿ, ಅದು ತಾನಾಗಿ ಕೆಮ್ಮಿ ನಿಲ್ಲುವವರೆಗೂ ಬಿಡುತ್ತಾರೆ. ಹಳೆಯ ಮಾದರಿಗಳಲ್ಲಿ ಕಾರ್ಬ್ಯುರೇಟರಿನ ಬುಡದ ತಿರುಪನ್ನೂ ಬಿಚ್ಚಿ ತಳದ ಹನಿಗಳನ್ನು ಸುರಿಯಬೇಕು.

ಈ ಹಂತದಲ್ಲಿ ಅಳಿಯನಿಗೆ ಒಂದು ಯೋಚನೆ ಹೊಳೆಯಿತು.

“ಮಾವಾ, ಒಂದು ಲೀಟರ್ ಒಳಗೇ ಬಿಟ್ಟರೆ ಏನಾದೀತು? ಮೊಂಬಾಸಾದಲ್ಲಿ ಇಳಿದ ಕೂಡಲೆ ಪಂಪು ಹುಡುಕಿಕೊಂಡು ಗಾಡಿ ತಳ್ಳುವುದು ತಪ್ಪುತ್ತದಲ್ಲ. ಯಾರು ನೋಡುತ್ತಾರೆ?”

ನಾನು ಬಾಯಿ ತೆರೆಯುವುದಕ್ಕೆ ಮೊದಲೇ, ಮೂವತ್ತು ವರ್ಷಗಳಿಂದ ಬುಲೆಟ್ಟುಗಳನ್ನು ರಿಪೇರಿ ಮಾಡುತ್ತಿರುವ ಮಲಯಾಳಿ ಮೇಸ್ತ್ರಿ ಕೈಯೊರೆಸಿಕೊಂಡು ಎದ್ದರು. “ಮೋನೇ, ತುಂಬಿದ ಟ್ಯಾಂಕಿಗಿಂತ ಅರೆಬರೆ ಟ್ಯಾಂಕಿಗೇ ಹೆದರಬೇಕು” ಎಂದರು, ಅಷ್ಟೆ.

ಅವರ ಮಾತು ವಿಜ್ಞಾನಕ್ಕೆ ಒಪ್ಪತಕ್ಕದ್ದು. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಗಾಳಿಯಲ್ಲಿ ಈ ಆವಿಯು ಶೇಕಡಾ ಒಂದೂವರೆಯಿಂದ ಏಳೂವರೆಯಷ್ಟು ಬೆರೆತಾಗ ಒಂದು ಕಿಡಿಯಿಂದಲೇ ಸಿಡಿಯಬಲ್ಲದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯೇ ಇಲ್ಲ. ತಳದಲ್ಲಿ ಸ್ವಲ್ಪ ಉಳಿದ ಟ್ಯಾಂಕಿನಲ್ಲಾದರೋ ಆವಿಗೂ ಗಾಳಿಗೂ ಬೇಕಾದಷ್ಟು ಜಾಗ. ಅಲ್ಲದೆ ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ, ಸೋರಿದರೆ ಮೇಲೇರಿ ಚದರಿಹೋಗದೆ ಪೆಟ್ಟಿಗೆಯ ತಳದಲ್ಲಿ ನೀರಿನಂತೆ ಹರಡಿ ನಿಲ್ಲುತ್ತದೆ. ಬಿಸಿಲಿನಲ್ಲಿ ಕಾದ ಉಕ್ಕಿನ ಪೆಟ್ಟಿಗೆ, ಸುತ್ತಮುತ್ತ ಪರರ ಸರಕು, ಕೆಳಗೆ ನಾವಿಕರು. ಈ ಕಾರಣದಿಂದಲೇ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಪೆಟ್ರೋಲಿನಿಂದ ಓಡುವ ವಾಹನಕ್ಕೂ 3166 ಎಂಬ ಸಂಖ್ಯೆ ಇದೆ. ಟ್ಯಾಂಕು ಬರಿದೇ, ಬ್ಯಾಟರಿ ಬಿಚ್ಚಿದೆಯೇ ಎಂಬುದನ್ನು ಕಳುಹಿಸುವವನು ಬರೆದುಕೊಡಬೇಕಾಗುತ್ತದೆ.

ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಆ ಕರಾವಳಿಯೇ ಈಚೆಗೆ ಉತ್ತರ ಕೊಟ್ಟಿದೆ. 2025ರ ಮೇ ತಿಂಗಳಿನಲ್ಲಿ ‘ಎಂ.ಎಸ್.ಸಿ. ಎಲ್ಸಾ 3’ ಎಂಬ ಹಡಗು ತಿರುವನಂತಪುರದ ಬಳಿಯ ವಿಳಿಂಜಂ ಬಂದರಿನಿಂದ 640 ಕಂಟೇನರುಗಳನ್ನು ಹೊತ್ತು ಕೊಚ್ಚಿಗೆ ಬರುತ್ತಿದ್ದಾಗ ಒಂದು ಕಡೆಗೆ ವಾಲಿ, 25ರಂದು ಮುಳುಗಿತು. 24 ಮಂದಿ ನಾವಿಕರೂ ಬದುಕಿದರು. ಆದರೆ ಪೆಟ್ಟಿಗೆಗಳು ದಡಕ್ಕೆ ತೇಲಿಬಂದಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಯಾವುದರಲ್ಲಿ ಏನಿದೆ? ಹದಿಮೂರರಲ್ಲಿ ಅಪಾಯಕಾರಿ ಸರಕಿತ್ತು. ಅವುಗಳಲ್ಲಿ ಹನ್ನೆರಡರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್, ಎಂದರೆ ನೀರು ತಾಗಿದರೆ ಉರಿಯುವ ಅನಿಲವನ್ನು ಬಿಡುವ ವಸ್ತು. ತಿರುವನಂತಪುರದ ಮರಳಿನ ಮೇಲೆ ಪ್ಲಾಸ್ಟಿಕ್ಕಿನ ಬಿಳಿಯ ಕಾಳುಗಳು ರಾಶಿರಾಶಿಯಾಗಿ ಬಿದ್ದವು. ಅದಾಗಿ ಹದಿನೈದು ದಿನಗಳಿಗೆ, ಜೂನ್ 9ರಂದು, ಕೊಲಂಬೊದಿಂದ ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಎಂಬ ಹಡಗು ಉತ್ತರ ಕೇರಳದ ಕಡಲಾಚೆ ಬೆಂಕಿಗೆ ತುತ್ತಾಯಿತು. ಹಡಗಿನಲ್ಲಿದ್ದ 22 ಮಂದಿಯ ಪೈಕಿ 18 ಮಂದಿಯನ್ನು ರಕ್ಷಿಸಿದರು, ನಾಲ್ವರು ಕಾಣೆಯಾದರು. ಇವುಗಳಿಗೆ ಕಾರಣ ಮೋಟಾರ್ ಸೈಕಲೆಂದು ನಾನು ಹೇಳುತ್ತಿಲ್ಲ. ಬೆಂಕಿಯೊಡನೆ ಹೋರಾಡಲು ಹೋದವರ ಕೈಯಲ್ಲಿ ಇರುವುದು ಮೊದಲು ಹೇಳಿದ ಆ ಕಾಗದದ ಪಟ್ಟಿ. ಯಾವ ಪೆಟ್ಟಿಗೆಗೆ ನೀರು ಹೊಡೆಯಬಹುದು, ಯಾವುದಕ್ಕೆ ಹೊಡೆಯಬಾರದು ಎಂಬುದನ್ನು ಅವರು ಅದರಿಂದಲೇ ತಿಳಿಯಬೇಕು. ‘ಬರಿದು’ ಎಂದು ಬರೆದ ಟ್ಯಾಂಕಿನಲ್ಲಿ ಒಂದು ಲೀಟರ್ ಇದ್ದರೆ ಆ ಪಟ್ಟಿ ಸುಳ್ಳಾಗುತ್ತದೆ. ಅಳಿಯನು ಟ್ಯಾಂಕಿನ ಮುಚ್ಚಳ ತೆಗೆದು, ಒಂದು ರಾತ್ರಿ ತೆರೆದ ಚಪ್ಪರದಡಿ ಆವಿಯಾಡಲು ಬಿಟ್ಟನು.

ಬ್ಯಾಟರಿಯದು ಸಣ್ಣ ಕೆಲಸ. ಎರಡು ತಂತಿಗಳನ್ನು ಬಿಚ್ಚುವಾಗ ಮೊದಲು ಋಣ ತಂತಿ, ಆಮೇಲೆ ಧನ ತಂತಿ. ತುದಿಗಳಿಗೆ ಪಟ್ಟಿ ಸುತ್ತಿ ಒಂದಕ್ಕೊಂದು ತಾಗದಂತೆ ಕಟ್ಟಬೇಕು. ಬ್ಯಾಟರಿಯಿಂದಲೇ ಓಡುವ ಹೊಸ ಬಗೆಯ ಗಾಡಿಗಳಿಗೆ ಮಾತ್ರ ನಿಯಮಗಳೂ ಸಂಖ್ಯೆಯೂ ಬೇರೆ. ಅದರ ವಿವರಕ್ಕೆ ಇಲ್ಲಿ ಎಡೆಯಿಲ್ಲ.

ಈಗ ತುಕ್ಕಿನ ವಿಚಾರ. ಹಡಗಿನೊಳಗೆ ಮಳೆ ಬೀಳುತ್ತದೆಂದರೆ ನಂಬುವಿರಾ? ಬಿಸಿ ಅನ್ನ ತುಂಬಿದ ಬುತ್ತಿಯ ಮುಚ್ಚಳವನ್ನು ಮಧ್ಯಾಹ್ನ ತೆಗೆದಾಗ ಒಳಗಡೆ ಹನಿಗಳು ಜೋತಿರುವುದನ್ನು ದಿನವೂ ಕಾಣುತ್ತೀರಿ. ಉಕ್ಕಿನ ಪೆಟ್ಟಿಗೆಯಲ್ಲಿಯೂ ಅದೇ ನಡೆಯುತ್ತದೆ. ಕೊಚ್ಚಿಯ ಹವೆಯಲ್ಲಿ ಬಾಗಿಲು ಮುಚ್ಚಿದಾಗ ಅಲ್ಲಿಯ ತೇವಗಾಳಿಯೂ ಒಳಗೇ ಸಿಕ್ಕಿಕೊಳ್ಳುತ್ತದೆ. ಹಗಲು ಬಿಸಿಲಿಗೆ ಪೆಟ್ಟಿಗೆ ಕಾಯುತ್ತದೆ, ರಾತ್ರಿ ಕಡಲ ಗಾಳಿಗೆ ಚಾವಣಿ ತಣ್ಣಗಾಗುತ್ತದೆ. ಆಗ ನೀರಾವಿಯು ಹನಿಗಟ್ಟಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ಗಾಡಿಯನ್ನೋ ಹಸಿ ಮರವನ್ನೋ ಒಳಗಿಟ್ಟರೆ ಈ ಮಳೆ ಹೆಚ್ಚುತ್ತದೆ. ತೊಳೆದ ಗಾಡಿಯನ್ನು ಚೆನ್ನಾಗಿ ಒಣಗಿಸಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಮೇಸ್ತ್ರಿಯವರು ಹೊಳೆಯುವ ಲೋಹಭಾಗಗಳಿಗೆಲ್ಲ ತೆಳುವಾಗಿ ವ್ಯಾಸಲೀನು ಸವರಿದರು, ಚೈನಿಗೆ ಗ್ರೀಸು, ಪ್ಲಗ್ಗು ಬಿಚ್ಚಿ ಸಿಲಿಂಡರಿನೊಳಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು, ಎರಡು ಸಲ ಕಿಕ್ಕರ್ ಒತ್ತಿ ಅದನ್ನು ಹರಡಿದರು. ಬ್ರೇಕಿನ ತಟ್ಟೆಗೆ ಮಾತ್ರ ಏನನ್ನೂ ಸವರಗೊಡಲಿಲ್ಲ. ಎಣ್ಣೆ ತಾಗಿದ ಬ್ರೇಕು ಹಿಡಿಯುವುದಿಲ್ಲ. ತುಕ್ಕನ್ನಾದರೂ ಉಜ್ಜಿ ತೆಗೆಯಬಹುದು. ಸೈಲೆನ್ಸರಿನ ಬಾಯಿಗೆ ಬಟ್ಟೆಯುಂಡೆ ತುರುಕಿ ಪ್ಲಾಸ್ಟಿಕ್ಕು ಕಟ್ಟಿದರು, ಮತ್ತು ಅದನ್ನು ಇಳಿದ ಮೇಲೆ ತೆಗೆಯಲು ಮರೆಯದಂತೆ ಹ್ಯಾಂಡಲಿಗೆ ಒಂದು ಕೆಂಪು ಚೀಟಿಯನ್ನೂ ಕಟ್ಟಿದರು. ಔಷಧದ ಶೀಶೆಗಳಲ್ಲಿ ಚಿಕ್ಕ ಪೊಟ್ಟಣವಾಗಿ ಬರುವ ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳುಗಳನ್ನು ದೊಡ್ಡ ಚೀಲಗಳಲ್ಲಿ ಕಟ್ಟಿ ನಾಲ್ಕು ಮೂಲೆಗಳಲ್ಲಿ ತೂಗುಬಿಟ್ಟರು.

ಇನ್ನು ಪೆಟ್ಟಿಗೆ. ಒಂದೇ ಗಾಡಿಗೆ ಉಕ್ಕಿನ ಪೆಟ್ಟಿಗೆಯನ್ನು ಪೂರ್ತಿಯಾಗಿ ಹಿಡಿದರೆ ಖರ್ಚು ತಡೆಯಲಾಗದು. ಬೇರೆಯವರ ಸರಕಿನ ಜತೆಗೆ ಅದು ಹೋಗಬೇಕು. ಆಗ ಬಾಡಿಗೆಯನ್ನು ಸಾಮಾನ್ಯವಾಗಿ ಘನಮೀಟರಿನ ಲೆಕ್ಕದಲ್ಲಿ ಕೊಡುತ್ತಾರೆ. ಇಲ್ಲಿಯೇ ನಿಮ್ಮ ಗಣಿತ ಪ್ರಯೋಜನಕ್ಕೆ ಬರುವುದು. ಗಾಡಿಯನ್ನು ನಿಂತ ಹಾಗೆಯೇ ಪೆಟ್ಟಿಗೆಯಲ್ಲಿಟ್ಟರೆ ಉದ್ದ 2.2, ಅಗಲ 0.9, ಎತ್ತರ 1.2 ಮೀಟರ್ ಎಂದುಕೊಳ್ಳಿ, ಗುಣಿಸಿದರೆ 2.376 ಘನಮೀಟರ್. ಮುಂದಿನ ಚಕ್ರ, ಹ್ಯಾಂಡಲು, ಕನ್ನಡಿ, ಕಾಲಿಡುವ ಕಂಬಿಗಳನ್ನು ಕಳಚಿ 1.8, 0.6, 1.1 ಮೀಟರಿಗೆ ಇಳಿಸಿದರೆ 1.188 ಘನಮೀಟರ್. ಅರ್ಧಕ್ಕರ್ಧ ಉಳಿತಾಯ! ಅಳಿಯನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿ, ನಾಲ್ಕನೆಯ ಸಲಕ್ಕೆ ಪಾನಾ ಎತ್ತಿಕೊಂಡನು. ಕಳಚಿದ ತಿರುಪುಗಳನ್ನು ಭಾಗಕ್ಕೊಂದರಂತೆ ಚೀಲದಲ್ಲಿ ಹಾಕಿ ಹೆಸರು ಬರೆದನು.

ಪೆಟ್ಟಿಗೆಯ ಮರಕ್ಕೂ ಒಂದು ಕಾನೂನುಂಟು. ಹಸಿ ಹಲಗೆಯೊಳಗೆ ಅಡಗಿದ ಹುಳುಗಳು ಪರದೇಶದ ಕಾಡನ್ನು ಸೇರದಂತೆ, ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲಪುವಂತೆ ಕಾಯಿಸಿ, ಅದನ್ನು ಎಡೆಬಿಡದೆ 30 ನಿಮಿಷ ಹಾಗೆಯೇ ಇಟ್ಟು, ತೆನೆಯ ಚಿತ್ರವಿರುವ ಮುದ್ರೆಯನ್ನು ಒತ್ತಿರಬೇಕು. ಇಲ್ಲವೇ ಬೇರೆ ಒಪ್ಪಿತ ಸಂಸ್ಕಾರ ಆಗಿರಬೇಕು. ಪ್ಲೈವುಡ್ಡಿಗೆ ಈ ಕಟ್ಟಳೆಯಿಲ್ಲ. ಅದನ್ನು ತಯಾರಿಸುವಾಗಲೇ ಅಂಟು, ಶಾಖ, ಒತ್ತಡಗಳಲ್ಲಿ ಹುಳುಗಳು ಸತ್ತಿರುತ್ತವೆ. ಆಲುವದ ನೆರೆಯ ಪೆರುಂಬಾವೂರು ಪ್ಲೈವುಡ್ಡಿಗೆ ಹೆಸರಾದ ಊರು. ಅಲ್ಲಿಯ ಗಿರಣಿಗಳಲ್ಲಿ ದುಡಿಯುವವರು ಅಸ್ಸಾಂ, ಬಂಗಾಳ, ಒಡಿಶಾಗಳಿಂದ ಬಂದ ಸಾವಿರಾರು ಜನ. ಹಲಗೆ ತರಲು ಹೋದ ದಿನ ಬಸ್ಸಿನ ಫಲಕಗಳನ್ನೇ ಬಂಗಾಳಿಯಲ್ಲಿಯೂ ಹಿಂದಿಯಲ್ಲಿಯೂ ಓದುತ್ತ ನಿಂತೆನು. ಊರು ಬಿಟ್ಟವನ ಕಣ್ಣು ಮೊದಲು ಅಕ್ಷರಗಳನ್ನೇ ಹುಡುಕುತ್ತದೆ.

ಪೆಟ್ಟಿಗೆಯೊಳಗೆ ಗಾಡಿಯನ್ನು ಬಿಗಿಯುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಬುಲೆಟ್ಟು ಸುಮಾರು 190 ಕಿಲೋ ಭಾರ. ಹಡಗು 30 ಡಿಗ್ರಿ ವಾಲಿದರೆ ಆ ಭಾರದ ಅರ್ಧದಷ್ಟು, ಎಂದರೆ 95 ಕಿಲೋದಷ್ಟು ಬಲ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಒಂದು ಸಲ ಎಡಕ್ಕೆ, ಮತ್ತೆ ಬಲಕ್ಕೆ. ಹೀಗೆ ಸಾವಿರಾರು ಸಲ. ಆದುದರಿಂದ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಬಾರದು. ಮುಂದಿನ ಕವಲಿನ ತುದಿಗಳನ್ನು ಅಡ್ಡಮರಕ್ಕೆ ಅಚ್ಚಿನಿಂದ ಜೋಡಿಸಿ, ಹಿಂದಿನ ಚಕ್ರವನ್ನು ಎರಡು ಮರದ ತುಂಡುಗಳ ನಡುವೆ ಸಿಲುಕಿಸಿ, ನಾಲ್ಕು ಮೂಲೆಗಳಿಗೂ ನೇಯ್ದ ಪಟ್ಟಿಗಳಿಂದ ಎಳೆದು ಕಟ್ಟಿದರು. ಎಳೆದಾಗ ಸ್ಪ್ರಿಂಗು ಅರ್ಧ ಕುಗ್ಗಿದರೆ ಸಾಕು. ಪೂರ್ತಿ ಕುಗ್ಗಿಸಿದರೆ ಕವಲಿನ ಎಣ್ಣೆ ಸೋರುತ್ತದೆ. ಬಡಗಿ ಮೊಳೆ ಹೊಡೆಯಹೋದಾಗ ಮೇಸ್ತ್ರಿಯವರು ತಡೆದು ತಿರುಪನ್ನೇ ಹಾಕಿಸಿದರು. ಕಸ್ಟಮ್ಸಿನವರು ನೋಡಬೇಕೆಂದಾಗ ಹಲಗೆ ಸೀಳದೆ ಬಿಚ್ಚಬೇಕಲ್ಲವೆ?

ಅಕ್ಕನಿಗೆ ಮಾತ್ರ ಪೆಟ್ಟಿಗೆಯಲ್ಲಿ ಉಳಿದ ಖಾಲಿ ಜಾಗವನ್ನು ನೋಡಿ ಸಂಕಟ. ಒಂದು ಭರಣಿ ಮಾವಿನಕಾಯಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಎರಡು ಕಟ್ಟು ಇಡಬಹುದಲ್ಲ ಎಂಬುದು ಅವಳ ವಾದ. ಪಟ್ಟಿಯಲ್ಲಿ ಇಲ್ಲದ ಯಾವುದೂ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲವೆಂದು ನಾನು ಪಾಠ ಹೇಳಿದೆನು. ಹಾಗಾದರೆ ಪಟ್ಟಿಯಲ್ಲಿಯೇ ಬರೆಯಿರೆಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಪ್ಪಳ ಅಳಿಯನ ಕೈಚೀಲವನ್ನು ಸೇರಿತು.

ಕಾಗದಪತ್ರಗಳು ಹಲವು, ಮುಖ್ಯವಾದುದನ್ನಷ್ಟೆ ಹೇಳುತ್ತೇನೆ. ಪರದೇಶಕ್ಕೆ ವಾಹನವನ್ನು ಕೊಂಡೊಯ್ದು ಅಲ್ಲಿ ಮಾರದೆ ಮರಳಿ ತರುವವನಿಗೆ ಕಾರ್ನೆ ಎಂಬ ಪುಸ್ತಕ ಬೇಕಾಗುತ್ತದೆ. ಕೆನ್ಯಾ ಮೊದಲಾದ ದೇಶಗಳು ಇದನ್ನು ಮನ್ನಿಸುತ್ತವೆ. ನಮ್ಮಲ್ಲಿ ಇದನ್ನು ಕೊಡುವುದು ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್. ಇದೊಂದು ಬಗೆಯಲ್ಲಿ ಗಾಡಿಯ ಪಾಸ್‌ಪೋರ್ಟು. ಒಂದು ವರ್ಷದ ಅವಧಿಯದು. ಒಂದೊಂದು ದೇಶವನ್ನು ಹೊಗುವಾಗ ಒಂದು ಮುದ್ರೆ, ಬಿಡುವಾಗ ಒಂದು ಮುದ್ರೆ. ಬಿಟ್ಟ ಮುದ್ರೆ ಇಲ್ಲದಿದ್ದರೆ ಗಾಡಿಯನ್ನು ಅಲ್ಲೇ ಮಾರಿದನೆಂದು ಎಣಿಸಿ ಸುಂಕ ಕೇಳುತ್ತಾರೆ. ಪುಸ್ತಕ ಪಡೆಯುವಾಗ ಕಟ್ಟಿದ ಠೇವಣಿಗೇ ಆಗ ಸಂಚಕಾರ. ಅಳಿಯನ ಮೂರು ವರ್ಷಗಳ ಉಳಿತಾಯ ಆ ಠೇವಣಿಯಲ್ಲಿತ್ತು.

ಈ ಪುಸ್ತಕ, ಗಾಡಿಯ ನೋಂದಣಿ ಪತ್ರ, ಕಸ್ಟಮ್ಸಿಗೆ ಕೊಡುವ ಷಿಪ್ಪಿಂಗ್ ಬಿಲ್ಲು, ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಎಲ್ಲದರಲ್ಲಿಯೂ ಚಾಸಿಸ್ ಸಂಖ್ಯೆ ಒಂದೇ ಆಗಿರಬೇಕು. ಒಂದಕ್ಷರ ತಪ್ಪಿದರೆ ಅದು ಬೇರೆಯೇ ಗಾಡಿ! ಚೌಕಟ್ಟಿನ ಮೇಲೆ ಕೆತ್ತಿದ ಈ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕೆಗಳಿರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಅಕ್ಷರಗಳು ಎಂದಿಗೂ ಬರುವುದಿಲ್ಲ. ಒಂದು, ಸೊನ್ನೆ ಎಂಬ ಅಂಕೆಗಳೊಡನೆ ಬೆರೆತು ಕಣ್ಣು ಮೋಸಹೋಗದಿರಲೆಂದು ಅವುಗಳನ್ನು ಬಿಟ್ಟಿದ್ದಾರೆ. ನೀವು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಪಡಿಯಚ್ಚು ತೆಗೆಯುವಂತೆಯೇ ಚಾಸಿಸ್ ಸಂಖ್ಯೆಯ ಅಚ್ಚನ್ನೂ ತೆಗೆಯುತ್ತಾರೆ. ಆ ಕೆಲಸವನ್ನು ನನಗೆ ಕೊಟ್ಟರು. ಕೆತ್ತನೆಯ ಮೇಲೆ ಕುಳಿತಿದ್ದ ಗ್ರೀಸನ್ನು ಒರೆಸಿ, ಕಾಗದವನ್ನು ಅಲುಗದಂತೆ ಹಿಡಿದು ಉಜ್ಜಿದಾಗ ಹದಿನೇಳೂ ಸ್ಪಷ್ಟವಾಗಿ ಮೂಡಿದವು.

ನಾಲ್ಕನೆಯ ದಿನ ಪೆಟ್ಟಿಗೆಯ ನಾಲ್ಕು ಬದಿಗಳ ಮೇಲೂ ಮೇಲ್ಮುಖದ ಬಾಣ, ನೆನೆಯಬಾರದೆಂಬುದಕ್ಕೆ ಕೊಡೆ, ಒಡೆಯಬಹುದೆಂಬುದಕ್ಕೆ ಗಾಜಿನ ಬಟ್ಟಲು, ಈ ಚಿತ್ರಗಳನ್ನು ಬರೆದರು. ಮೊಂಬಾಸಾದ ಹಮಾಲನಿಗೆ ಮಲಯಾಳವೂ ಬಾರದು, ಕನ್ನಡವೂ ಬಾರದು. ಕೊಡೆಯನ್ನು ನೋಡಿ ತಿಳಿಯಬಲ್ಲನು. ಮಧ್ಯಾಹ್ನ ಚಿಕ್ಕ ಲಾರಿಯೊಂದು ಬಂದು ಅದನ್ನು ಕಂಟೇನರ್ ರಸ್ತೆಯಲ್ಲಿ ಸರಕು ಕೂಡಿಸುವ ಗೋದಾಮಿಗೆ ಒಯ್ದಿತು. ಅಲ್ಲಿ ಅಧಿಕಾರಿಯೊಬ್ಬರು ಒಂದು ಹಲಗೆಯನ್ನು ಬಿಚ್ಚಿಸಿ, ಟಾರ್ಚು ಹಿಡಿದು, ಚೌಕಟ್ಟಿನ ಮೇಲಿನ ಸಂಖ್ಯೆಯನ್ನೂ ನನ್ನ ಪೆನ್ಸಿಲಿನ ಅಚ್ಚನ್ನೂ ಒಂದೊಂದಕ್ಷರವಾಗಿ ಹೋಲಿಸಿ ನೋಡಿದರು. ಆಮೇಲೆ ಟ್ಯಾಂಕಿನ ಮುಚ್ಚಳ ತೆರೆಯಿಸಿ ಒಳಗೆ ಇಣುಕಿದರು. ತಳದ ತಗಡು ಒಣಗಿ ಹೊಳೆಯುತ್ತಿತ್ತು. ಮುಚ್ಚಳ ಹಾಕಿಸಿ, ಹಲಗೆಗೆ ತಿರುಪು ಬಿಗಿಸಿ, ಕಾಗದದ ಮೇಲೆ ರುಜು ಹಾಕಿದರು.